ಮೂತ್ರ ಸಹಜ, ಚೀಟಿ ಬೇಕಿಲ್ಲ

೧೯೮೪ರ ಬೇಸಿಗೆ. ಯಶವಂತಪುರದಿಂದ ಜಾಲಹಳ್ಳಿಯ ಕಡೆ ಹೋಗುವ ರಸ್ತೆಯಲ್ಲಿದ್ದ ಖಾಸಗಿ ಕಾರ್ಖಾನೆಯೊಂದರಲ್ಲಿ ನಾನು ಮೆಡಿಕಲ್ ಆಫೀಸರಾಗಿ ಸೇರಿ ಐದು ವರ್ಷ ಆಗಿತ್ತು. ರೇಡಿಯೊಗಳ ಒಳಗೆ ಕೂರುವ ಸಣ್ಣ ತಂತಿಸುರುಳಿಗಳನ್ನು ಸುತ್ತುವ ಕಾರ್ಖಾನೆ ಅದು. ಆ ಸುರುಳಿಗೆ ಕಾಯಿಲ್ ಎನ್ನುತ್ತಿದ್ದರು. ತಂತಿ ಕೂದಲಿನಷ್ಟು ತೆಳು. ಹೆಂಗಸರ ಬೆರಳಿಗೇ ಅದು ಒಗ್ಗುವುದು ಎಂದು ಇನ್ನೂರ ನಲವತ್ತು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. ಕಾರ್ಖಾನೆ ಈಗ ಇಲ್ಲ. ಮುಚ್ಚಿದ್ದಕ್ಕೆ ಅಲ್ಲಿ ದುಡಿದವರ ಸಲುವಾಗಿ ನನಗೆ ದುಃಖವಿದೆ, ನಡೆಸಿದವರ ಸಲುವಾಗಿ ಇಲ್ಲ.

ಕಾಯಿಲ್ ಸುತ್ತುವ ಹಾಲ್‌ನಲ್ಲಿ ಹತ್ತು ಸಾಲು, ಸಾಲಿಗೆ ಇಪ್ಪತ್ತನಾಲ್ಕು ಮಂದಿ. ಪ್ರತಿ ಸಾಲಿನ ಕೊನೆಗೆ ಸೂಪರ್‌ವೈಸರ್ ಮೇಜು. ಮೇಜಿನ ಪಕ್ಕದ ಕಂಬಕ್ಕೆ ಎರಡು ಮೊಳೆ, ಮೊಳೆಗೊಂದು ಹಿತ್ತಾಳೆ ಬಿಲ್ಲೆ. ಶೌಚಾಲಯಕ್ಕೆ ಹೋಗಬೇಕಾದವಳು ಎದ್ದು ಹೋಗಿ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಳ್ಳಬೇಕು, ಬಂದು ಮತ್ತೆ ತಗುಲಿಹಾಕಬೇಕು. ಎರಡೂ ಬಿಲ್ಲೆ ಹೊರಗಿದ್ದರೆ ಮೂರನೆಯವಳು ಕಾಯಬೇಕು. ಎಂಟು ಗಂಟೆಯ ಪಾಳಿಗೆ ಒಬ್ಬಳಿಗೆ ಮೂರು ಸಲ ಅಷ್ಟೆ. ನಾಲ್ಕನೆಯ ಸಲಕ್ಕೆ ಡಾಕ್ಟರ ಚೀಟಿ ತರಬೇಕು. ಗಂಡಸರ ಮೆಷಿನ್ ಶಾಪಿನಲ್ಲಿ ಬಿಲ್ಲೆಯೇ ಇರಲಿಲ್ಲ. ಅವರು ಬೀಡಿ ಸೇದಲು ಗಂಟೆಗೊಮ್ಮೆ ಹೊರಗೆ ಹೋದರೂ ಕೇಳುವವರಿರಲಿಲ್ಲ.

ಚೀಟಿ ಯಾರಿಗೆ ಕೊಡಬೇಕು ಎಂಬ ನಿಯಮವನ್ನು ಬರೆದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಬರಹದಲ್ಲಿ ನಾನು ಬೈಯಲಿರುವವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ. ನಾನು ಬರುವ ಮೊದಲು ಚೀಟಿಯ ವಿಷಯದಲ್ಲಿ ದಿನವೂ ಜಗಳವಿತ್ತು. ಸೂಪರ್‌ವೈಸರುಗಳು ಇವಳು ನಾಟಕ ಮಾಡುತ್ತಾಳೆ, ಅವಳು ಸುಳ್ಳು ಹೇಳುತ್ತಾಳೆ ಎಂದು ಡಿಸ್ಪೆನ್ಸರಿಗೆ ಬಂದು ಕೂಗಾಡುತ್ತಿದ್ದರು. ನಾನು ಧಾರವಾಡದಿಂದ ಹೊಸದಾಗಿ ಬಂದವಳು, ಸರ್ಕಾರಿ ಆಸ್ಪತ್ರೆಯ ಶಿಸ್ತಿನಲ್ಲಿ ಪಳಗಿದವಳು. ಬಾಯಿಮಾತಿನ ಜಗಳಕ್ಕೆ ವಿಜ್ಞಾನವೇ ಮದ್ದು ಎಂದುಕೊಂಡೆ. ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೀವಿನ ಕಣಗಳು ಕಾಣುತ್ತವೆ; ನಾವು ಪಸ್ ಸೆಲ್ ಎನ್ನುತ್ತೇವೆ. ಒಂದು ನೋಟಕ್ಕೆ ಐದಕ್ಕಿಂತ ಹೆಚ್ಚು ಪಸ್ ಸೆಲ್ ಇದ್ದರೆ ಏಳು ದಿನದ ಚೀಟಿ, ಇಲ್ಲದಿದ್ದರೆ ಇಲ್ಲ. ಹೀಗೆ ಒಂದೇ ಸಾಲಿನ ನಿಯಮವನ್ನು ಟೈಪ್ ಮಾಡಿಸಿ ಗೋಡೆಗೆ ಅಂಟಿಸಿದೆ. ಜಗಳ ನಿಂತಿತು, ಮ್ಯಾನೇಜರು ಹೊಗಳಿದರು. ಹೆಂಗಸರು ಏನೂ ಹೇಳಲಿಲ್ಲ. ಅವರ ಮೌನವನ್ನು ನಾನು ಒಪ್ಪಿಗೆ ಎಂದು ತಿಳಿದೆ.

ನಾಲ್ಕನೆಯ ಸಾಲಿನ ಮುನಿರತ್ನಮ್ಮ ಫೆಬ್ರವರಿಯಲ್ಲಿ ಮೊದಲ ಸಲ ಬಂದಳು. ಇದು ಅವಳ ನಿಜ ಹೆಸರಲ್ಲ. ಬರೆಯಲೇ ಎಂದು ಕೇಳಿದಾಗ, ಬರೀರಿ, ಎಸ್ರು ಮಾತ್ರ ಬ್ಯಾಡ ಎಂದಿದ್ದಳು. ಶೆಟ್ಟಿಹಳ್ಳಿಯವಳು, ಇಪ್ಪತ್ತೇಳು ವರ್ಷ, ಇಬ್ಬರು ಮಕ್ಕಳು. ಗಂಡ ಮನಸ್ಸು ಬಂದ ದಿನ ಕೆಲಸಕ್ಕೆ ಹೋಗುವ ಜಾತಿ. ಒಲೆ ಉರಿಯುತ್ತಿದ್ದುದು ಇವಳ ಸಂಬಳದಲ್ಲಿ. ಇಡೀ ಹಾಲ್‌ನಲ್ಲಿ ಇವಳಷ್ಟು ಬೇಗ ಕಾಯಿಲ್ ಸುತ್ತುವವರು ಇರಲಿಲ್ಲ. ಹೊಸಬರನ್ನು ಇವಳ ಪಕ್ಕದಲ್ಲೇ ಕೂರಿಸಿ ಕೆಲಸ ಕಲಿಸುತ್ತಿದ್ದರು.

ಉರಿಮೂತ್ರ, ಕಿಬ್ಬೊಟ್ಟೆಯಲ್ಲಿ ನೋವು, ಚಳಿಜ್ವರ. ಪರೀಕ್ಷೆ ಮಾಡಿದರೆ ಪಸ್ ಸೆಲ್ ತುಂಬಿಕೊಂಡಿದ್ದವು. ಮೂತ್ರಕೋಶಕ್ಕೆ ಸೋಂಕು ತಗುಲಿತ್ತು. ಸಲ್ಫಾ ಜಾತಿಯ ಮಾತ್ರೆ ಕೊಟ್ಟೆ, ಏಳು ದಿನದ ಚೀಟಿ ಕೊಟ್ಟೆ. ಜ್ವರ ಹೋಯಿತು, ಕ್ರಿಮಿಯೂ ಹೋಯಿತು. ಏಳು ದಿನ ಕಳೆದ ಮೇಲೆ ಮತ್ತೆ ಬಂದಳು. ಇನ್ನೂ ಪದೇಪದೇ ಹೋಗಬೇಕು ಅನಿಸುತ್ತದೆ, ತಡೆದರೆ ಕತ್ತರಿಯಲ್ಲಿ ಹಿಡಿದಂತೆ ಆಗುತ್ತದೆ ಎಂದಳು. ಪರೀಕ್ಷೆ ಮಾಡಿದೆ. ಪಸ್ ಸೆಲ್ ಒಂದೋ ಎರಡೋ. ಕಲ್ಚರ್ ಕಳಿಸಿದೆ, ಅಂದರೆ ಕ್ರಿಮಿ ಬೆಳೆಯುತ್ತದೆಯೇ ಎಂದು ಎರಡು ದಿನ ಕಾದು ನೋಡುವ ಪರೀಕ್ಷೆ. ಏನೂ ಬೆಳೆಯಲಿಲ್ಲ. ಅವಳ ಕಾರ್ಡಿನ ಮೇಲೆ ಬರೆದೆ: ಮೂತ್ರ ಸಹಜ, ಚೀಟಿ ಬೇಕಿಲ್ಲ.

ಮಾರ್ಚಿನಲ್ಲಿ ಇನ್ನೂ ಎರಡು ಸಲ ಬಂದಳು. ಎರಡು ಸಲವೂ ಅದೇ ಮಾತು, ಅದೇ ಪರೀಕ್ಷೆ, ಅದೇ ಬರಹ. ಮೂರನೆಯ ಸಲ ಬರೆಯುವಾಗ ನನಗೆ ಬೇಸರವಾಗಿತ್ತು ಎಂಬುದು ನೆನಪಿದೆ. ಮನೆಯಲ್ಲಿ ಏನಾದರೂ ಚಿಂತೆ ಇದೆಯಾ ಎಂದು ಕೇಳಿದೆ. ಇದೆ ಎಂದಳು. ಯಾರ ಮನೆಯಲ್ಲಿ ಇರುವುದಿಲ್ಲ? ಆದರೆ ನನಗೆ ಅಷ್ಟೇ ಬೇಕಾಗಿತ್ತು. ಬರಹದ ಕೆಳಗೆ ‘ಮಾನಸಿಕ ಒತ್ತಡ ಇರಬಹುದು’ ಎಂದು ಸೇರಿಸಿದೆ. ಆ ಮೂರು ಪದ ಬರೆಯಲು ಐದು ಸೆಕೆಂಡ್ ಹಿಡಿಯಿತೋ ಇಲ್ಲವೋ.

ಏಪ್ರಿಲ್ ಮೂರನೆಯ ವಾರ ನಾಲ್ಕನೆಯ ಸಾಲಿನಲ್ಲಿ ಆದದ್ದನ್ನು ನಾನು ಕಣ್ಣಾರೆ ನೋಡಲಿಲ್ಲ. ಆ ಸಾಲಿನ ಹೆಂಗಸರು ಆಮೇಲೆ ಹೇಳಿದ್ದು ಇದು. ಮಧ್ಯಾಹ್ನ ಮೂರರ ಹೊತ್ತಿಗೆ ರತ್ನಮ್ಮನ ಮೂರು ಸಲವೂ ಮುಗಿದಿತ್ತು. ಸೂಪರ್‌ವೈಸರ್ ವರದರಾಜನ ಮೇಜಿನ ಹತ್ತಿರ ಹೋಗಿ ಕೇಳಿದಳು. ಚೀಟಿ ತೋರಿಸು ಎಂದ. ಇಲ್ಲ ಎಂದಳು. ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿ ವಾಪಸ್ ಕಳಿಸಿದ. ಇಡೀ ಹಾಲ್‌ನಲ್ಲಿ ಅವಳಿಗಿಂತ ಚೆನ್ನಾಗಿ ಕುಣಿಯುವವರು, ಅಂದರೆ ಕೆಲಸ ಮಾಡುವವರು, ಇಲ್ಲ ಎಂಬುದು ಅವನಿಗೂ ಗೊತ್ತಿತ್ತು. ಇಪ್ಪತ್ತು ನಿಮಿಷ ತಡೆದುಕೊಂಡು ಕೂತಳು. ಆಮೇಲೆ ಬಿಲ್ಲೆ ಇಲ್ಲದೆಯೇ ಎದ್ದು ಓಡಿದಳು. ಬಾಗಿಲು ದಾಟುವ ಮೊದಲೇ ಅವಳ ಸೀರೆ ಒದ್ದೆಯಾಯಿತು.

ವರದರಾಜ ಮಾಡಿದ್ದೇನು ಗೊತ್ತೇ? ಅವಳನ್ನು ಅಲ್ಲೇ ನಿಲ್ಲಿಸಿದ. ಅವಳು ಹಾಕಿಕೊಂಡಿದ್ದ ಕಾರ್ಖಾನೆಯ ನೀಲಿ ಕೋಟನ್ನು ಬಿಚ್ಚಿ ನೆಲ ಒರೆಸುವಂತೆ ಹೇಳಿದ. ಪಕ್ಕದವಳು ಸಹಾಯಕ್ಕೆ ಎದ್ದರೆ, ಬಿಲ್ಲೆ ಎಲ್ಲಿ ಎಂದು ಅವಳನ್ನೂ ಕೂರಿಸಿದ. ಇಪ್ಪತ್ಮೂರು ಹೆಂಗಸರು ತಲೆ ತಗ್ಗಿಸಿ ತಂತಿ ಸುತ್ತುತ್ತಿದ್ದರು, ಅವಳು ಅವರ ನಡುವೆ ಮಂಡಿಯೂರಿ ಒರೆಸುತ್ತಿದ್ದಳು. ನಲವತ್ತು ವರ್ಷದ ಮೇಲಾಯಿತು. ಈ ಸಾಲುಗಳನ್ನು ಬರೆಯುವಾಗ ನನ್ನ ಸಿಟ್ಟು ಇನ್ನೂ ಆರಿಲ್ಲ.

ಮೂರು ದಿನ ಬಿಟ್ಟು ಅವಳಿಗೆ ಚಾರ್ಜ್‌ಶೀಟ್ ಹೋಯಿತು. ಅಪ್ಪಣೆಯಿಲ್ಲದೆ ಜಾಗ ಬಿಟ್ಟದ್ದು, ಕಾಯಿಲೆಯ ನೆಪ ಹೇಳಿ ಪದೇಪದೇ ಕೆಲಸ ತಪ್ಪಿಸಲು ನೋಡಿದ್ದು, ಇವು ಎರಡು ಆರೋಪ. ವಿಚಾರಣೆಯಲ್ಲಿ ಸಾಬೀತಾದರೆ ಕೆಲಸದಿಂದ ವಜಾ. ಪುರಾವೆ ಎಂದು ಲಗತ್ತಿಸಿದ್ದು ನನ್ನ ಬರಹ, ಮೂರು ಸಲದ್ದೂ. ಅದರ ಒಂದು ಪ್ರತಿ ನನ್ನ ಮೇಜಿಗೂ ಬಂತು, ವಿಚಾರಣೆಯ ದಿನ ಆಡಳಿತದ ಪರ ಸಾಕ್ಷಿ ಹೇಳಲು ಬರಬೇಕು ಎಂಬ ಪತ್ರದ ಜೊತೆಗೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಆ ಬೇಲಿ ನಾನು ಎಂಬುದು ಅವತ್ತು ತಿಳಿಯಿತು.

ನಾನೇ ಅವಳನ್ನು ಕರೆಸಿದೆ. ಬಂದವಳು ಕೂರಲಿಲ್ಲ. ನಡೆದದ್ದಕ್ಕೆ ನನಗೆ ತುಂಬ ಬೇಸರವಾಗಿದೆ ಎಂದು ಏನೇನೋ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಉಚ್ಚೆ ಸರ್ಯಾಗೈತೆ ಅಂತ ಬರುದ್ರಿ ಡಾಕ್ಟ್ರಮ್ಮ,” ಅಂದಳು. “ನಾನ್ ಸರ್ಯಾಗಿದೀನಾ ಅಂತ ಯಾವತ್ತಾದ್ರೂ ಕೇಳುದ್ರಾ?”

ತಪ್ಪಾಯಿತು ಎಂದೆ.

“ತಪ್ಪಾಯ್ತು ಅನ್ನೋದನ್ನ ಇಟ್ಕೊಂಡ್ ನಾನೇನ್ ಮಾಡ್ಲಿ? ಇಚಾರಣೆ ಮುಗಿಯೋ ಗಂಟ ದಿನಾ ಎಲ್ಲೋಗ್ಲಿ, ಅದನ್ನೇಳಿ.”

ಡಿಸ್ಪೆನ್ಸರಿಯ ಹಿಂಭಾಗದಲ್ಲಿ ಒಂದು ಶೌಚಾಲಯ ಇತ್ತು. ನನಗಾಗಿ ಕಟ್ಟಿಸಿದ್ದು, ಬೀಗ ಹಾಕಿರುತ್ತಿತ್ತು, ಕೀಲಿ ನನ್ನ ಗೊಂಚಲಿನಲ್ಲಿ. ಐದು ವರ್ಷದಲ್ಲಿ ಒಂದು ದಿನವೂ ನಾನು ಯಾರನ್ನೂ ಕೇಳಿ ಅಲ್ಲಿಗೆ ಹೋಗಿರಲಿಲ್ಲ. ಇನ್ನೊಂದು ವಿಷಯವೂ ಇತ್ತು. ಡಿಸ್ಪೆನ್ಸರಿಗೆ ಹೋಗುತ್ತೇನೆ ಎಂದವರನ್ನು ಯಾವ ಸೂಪರ್‌ವೈಸರೂ ತಡೆಯುವಂತಿಲ್ಲ ಎಂದು ಕಾರ್ಖಾನೆಯಲ್ಲಿ ಆದೇಶವಿತ್ತು. ಅದಕ್ಕೆ ಬಿಲ್ಲೆಯ ಲೆಕ್ಕವಿಲ್ಲ. ಕೀಲಿಯನ್ನು ಗೊಂಚಲಿನಿಂದ ಬಿಡಿಸಿ ಅವಳ ಕೈಗೆ ಕೊಟ್ಟೆ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಥ್ಯಾಂಕ್ಸ್ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಹೋಗುವ ಮುಂಚೆ ಇನ್ನೊಂದು ಮಾತು ಹೇಳಿದಳು. ಪಾಳಿ ಮುಗಿದ ಮೇಲೆ ಹಾಲ್‌ನ ಮೂಲೆಯಲ್ಲಿರುವ ಕುಡಿಯುವ ನೀರಿನ ಡ್ರಮ್ ನೋಡಿ ಎಂದಳು. ಸಂಜೆ ಹೋಗಿ ಮುಚ್ಚಳ ತೆಗೆದೆ. ಬೆಳಿಗ್ಗೆ ತುಂಬಿಸಿದ ಡ್ರಮ್ ಮುಕ್ಕಾಲು ಭಾಗ ಹಾಗೇ ಇತ್ತು. ಏಪ್ರಿಲ್ ತಿಂಗಳು, ತಗಡಿನ ಚಾವಣಿ, ಇನ್ನೂರ ನಲವತ್ತು ಜನ. ಮೆಷಿನ್ ಶಾಪಿನ ಅರವತ್ತು ಗಂಡಸರ ಡ್ರಮ್ಮನ್ನು ದಿನಕ್ಕೆ ಎರಡು ಸಲ ತುಂಬಿಸುತ್ತಿದ್ದರು. ಹೆಂಗಸರು ನೀರನ್ನೇ ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗಬೇಕಾದರೆ ಬಿಲ್ಲೆ ಬೇಕು. ಐದು ವರ್ಷ ಆ ಡ್ರಮ್ಮಿನ ಪಕ್ಕದಲ್ಲೇ ಓಡಾಡಿದ್ದೆ. ನನ್ನ ಬಳಿಗೆ ಬರುತ್ತಿದ್ದ ಉರಿಮೂತ್ರದ ಕೇಸುಗಳಲ್ಲಿ ಅರ್ಧಕ್ಕರ್ಧ ಆ ಡ್ರಮ್ಮಿನಲ್ಲೇ ಹುಟ್ಟುತ್ತಿದ್ದವು. ನಾನು ಮಾತ್ರ ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತಿದ್ದೆ.

ಆದರೂ ವೈದ್ಯೆಯಾಗಿ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕ್ರಿಮಿ ಇಲ್ಲ, ಕೀವಿಲ್ಲ. ಹಾಗಾದರೆ ಅವಳ ಮೂತ್ರಕೋಶ ಯಾಕೆ ಹೀಗೆ ಆಡುತ್ತಿದೆ? ನನ್ನ ದೊಡ್ಡಪ್ಪನ ಮಗ ಗುರುಪಾದಣ್ಣ ಆಗ ಹೆಬ್ಬಾಳದ ಕಡೆ ಪ್ರಾಣಿಗಳ ಶರೀರಕ್ರಿಯೆ ಕಲಿಸುತ್ತಿದ್ದ, ಜೊತೆಗೆ ಇಲಿಗಳ ಮೂತ್ರಕೋಶದ ಮೇಲೆ ಪ್ರಯೋಗ ಮಾಡುತ್ತಿದ್ದ. ಹಬ್ಬದೂಟಕ್ಕೆ ಸೇರಿದಾಗ ಅವನ ಇಲಿ ಪುರಾಣ ಕೇಳಿ ನಾವೆಲ್ಲ ನಗುತ್ತಿದ್ದೆವು. ಭಾನುವಾರ ಎರಡು ಬಸ್ಸು ಬದಲಿಸಿ ಅವನ ಪ್ರಯೋಗಾಲಯಕ್ಕೆ ಹೋದೆ.

ಮೇಜಿನ ಮೇಲೆ ಅರಿವಳಿಕೆ ಕೊಟ್ಟ ಇಲಿ. ಅದರ ಮೂತ್ರಕೋಶಕ್ಕೆ ಸಣ್ಣ ನಳಿಕೆ, ನಳಿಕೆಯಿಂದ ಹನಿಹನಿಯಾಗಿ ಉಪ್ಪುನೀರು. ಮೂತ್ರಕೋಶ ಹಿಂಡಿದಾಗಲೆಲ್ಲ ಒಂದು ಕಡ್ಡಿ ಮೇಲೇಳುತ್ತದೆ, ತಿರುಗುವ ಉರುಳೆಗೆ ಸುತ್ತಿದ ಮಸಿ ಹಿಡಿಸಿದ ಕಾಗದದ ಮೇಲೆ ಬಿಳಿ ಗೆರೆ ಮೂಡುತ್ತದೆ. ಮೊದಲು ಗೆರೆ ಉದ್ದಕ್ಕೂ ಸಪಾಟಾಗಿತ್ತು, ಬಹಳ ಹೊತ್ತಿಗೆ ಒಂದು ಏರು. ಆಮೇಲೆ ಅಣ್ಣ ನೀರಿನ ಜೊತೆ ಸ್ವಲ್ಪ ತೆಳು ಆಮ್ಲ ಬಿಟ್ಟ. ಕೋಶದ ಒಳಗೋಡೆ ಕೆರಳಿ ಉರಿಯೂತ ಬರಲಿ ಎಂದು. ಸ್ವಲ್ಪ ಹೊತ್ತಿನಲ್ಲಿ ಗೆರೆ ಗರಗಸದ ಹಲ್ಲಿನಂತಾಯಿತು. ಆಮ್ಲ ತೊಳೆದು ಮತ್ತೆ ಬರೀ ಉಪ್ಪುನೀರು ಬಿಟ್ಟರೂ ಗರಗಸ ನಿಲ್ಲಲಿಲ್ಲ. ಅಲ್ಲಿ ಕ್ರಿಮಿಯೂ ಇಲ್ಲ, ಕೀವೂ ಇಲ್ಲ.

ಅವನು ವಿವರಿಸಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಮೂತ್ರಕೋಶ ತುಂಬಿದೆ ಎಂಬ ಸುದ್ದಿಯನ್ನು ಗೋಡೆಯೊಳಗಿನ ನರಗಳು ಬೆನ್ನುಹುರಿಗೆ ಒಯ್ಯುತ್ತವೆ, ಅಲ್ಲಿಂದ ಮೆದುಳಿಗೆ ಹೋಗುತ್ತದೆ. ಸಾಮಾನ್ಯವಾಗಿ ಮುನ್ನೂರು ನಾನೂರು ಮಿಲಿಲೀಟರ್ ತುಂಬುವವರೆಗೆ ಹಿಂಡು ಎಂಬ ಆಜ್ಞೆ ಬರುವುದಿಲ್ಲ. ಈ ಏರ್ಪಾಟಿಗೆ ರಿಫ್ಲೆಕ್ಸ್ ಎನ್ನುತ್ತೇವೆ. ಅದೇ ಗೋಡೆಯಲ್ಲಿ ಇನ್ನೊಂದು ಬಗೆಯ ಸಣ್ಣ ನರಗಳಿವೆ. ಮೆಣಸಿನಕಾಯಿ ಹೆಚ್ಚಿದ ಕೈ ಉರಿಯುತ್ತದಲ್ಲ, ಆ ಉರಿಯನ್ನು ಅರಿಯುವ ಜಾತಿಯ ನರಗಳು. ಗೋಡೆಗೆ ಉರಿಯೂತ ಬಂದಾಗ ಇವು ಎಚ್ಚರಗೊಂಡು ತಮ್ಮ ತುದಿಗಳಿಂದ ಪೆಪ್ಟೈಡ್ ಎಂಬ ವಸ್ತುಗಳನ್ನು ಸುರಿಸುತ್ತವೆ. ಪ್ರೋಟೀನಿನ ತೀರಾ ಚಿಕ್ಕ ತುಂಡುಗಳು ಎಂದು ತಿಳಿಯಿರಿ. ನರ ನರದೊಡನೆ ಮಾತಾಡುವ ಭಾಷೆ ಅದು. ಅವುಗಳಲ್ಲಿ ಒಂದಕ್ಕೆ ಸಬ್‌ಸ್ಟೆನ್ಸ್ ಪಿ ಎಂದು ಹೆಸರು. ಅದು ಬೆನ್ನುಹುರಿಯಲ್ಲಿ ಉರಿಯ ಸುದ್ದಿಯನ್ನು ಜೋರು ಮಾಡುತ್ತದೆ. ಕೋಶದ ಗೋಡೆಯಲ್ಲೂ ಸುರಿದು ರಕ್ತನಾಳಗಳನ್ನು ಸೋರಿಸುತ್ತದೆ, ಬಾವು ಹೆಚ್ಚಿಸುತ್ತದೆ. ಬಾವು ಹೆಚ್ಚಿದಷ್ಟೂ ನರ ಕೆರಳುತ್ತದೆ, ನರ ಕೆರಳಿದಷ್ಟೂ ಪೆಪ್ಟೈಡ್ ಸುರಿಯುತ್ತದೆ. ಕೊನೆಗೆ ಮುನ್ನೂರಕ್ಕೆ ಬರಬೇಕಾದ ಆಜ್ಞೆ ನೂರಕ್ಕೇ ಬರುತ್ತದೆ. ಮರಿಯಾಗಿದ್ದಾಗಲೇ ಮೆಣಸಿನಕಾಯಿಯ ಸಾರ ಕೊಟ್ಟು ಆ ನರಗಳನ್ನು ಸಾಯಿಸಿದ ಇನ್ನೊಂದು ಇಲಿಯ ಕಾಗದವನ್ನೂ ಅಣ್ಣ ತೋರಿಸಿದ. ಅದಕ್ಕೂ ಅದೇ ಆಮ್ಲ ಬಿಟ್ಟಿದ್ದ, ಆದರೆ ಗರಗಸ ಅಷ್ಟಾಗಿ ಕಾಣಲಿಲ್ಲ. ಇದು ಹೊರದೇಶದವರು ಕಂಡದ್ದು, ತಾನು ಮತ್ತೆ ಮಾಡಿ ನೋಡುತ್ತಿದ್ದೇನೆ ಅಷ್ಟೆ, ಮನುಷ್ಯರಲ್ಲಿ ಎಷ್ಟು ನಿಜವೋ ಇನ್ನೂ ಪೂರ್ತಿ ಗೊತ್ತಿಲ್ಲ ಎಂದೂ ಹೇಳಿದ.

“ನೋಡ್ ತಂಗಿ, ಕ್ರಿಮಿ ಹ್ವಾದ ಕೂಡ್ಲೆ ನರ ಸುಮ್ನ ಕುಂಡ್ರೂದಿಲ್ಲ,” ಅಂದ. “ನೀ ಮೂತ್ರ ನೋಡೀದಿ. ಮೂತ್ರಕೋಶ ನೋಡಿಲ್ಲ.”

ಅಕ್ಕರೆಯಿಂದಲೇ ಹೇಳಿದ. ಆದರೂ ಕೆನ್ನೆಗೆ ಹೊಡೆದಂತಾಯಿತು. ರತ್ನಮ್ಮ ಮಾತಿನಲ್ಲಿ ಹೇಳಿದ್ದನ್ನೇ ಇವನ ಇಲಿ ಗೆರೆಯಲ್ಲಿ ಹೇಳಿತ್ತು. ಅವಳು ಹೇಳಿದಾಗ ನಾನು ನಂಬಿರಲಿಲ್ಲ.

ಆ ಮಸಿ ಕಾಗದಕ್ಕೆ ವಾರ್ನಿಷ್ ಹಚ್ಚಿಸಿ ಸುರುಳಿ ಸುತ್ತಿಕೊಂಡು ಬಂದು ಸೋಮವಾರ ಪರ್ಸನಲ್ ಆಫೀಸರ್ ನರಹರಿಯವರ ಮುಂದೆ ಬಿಡಿಸಿದೆ. ಸಿಬ್ಬಂದಿಯ ಶಿಸ್ತು, ಶಿಕ್ಷೆ, ರಜೆ ಎಲ್ಲ ಅವರ ಕೈಯಲ್ಲಿತ್ತು. ವಿದ್ಯಾವಂತರು, ಮೆದು ಮಾತು, ದಿನವೂ ಗಂಧದ ಬೊಟ್ಟು. ನಾನು ಹೇಳಿದ್ದನ್ನೆಲ್ಲ ಕೇಳಿ ಕಾಗದವನ್ನು ಜೋಪಾನವಾಗಿ ಸುತ್ತಿ ವಾಪಸ್ ಕೊಟ್ಟರು.

“ಇಲಿಗೆ ನಾವು ಸಂಬಳ ಕೊಡ್ತಿಲ್ವಲ್ಲ ಮೇಡಂ,” ಅಂದರು. “ಒಬ್ಬಳಿಗೆ ಬಿಟ್ರೆ ನಾಳೆ ಇನ್ನೂರ ನಲವತ್ತು ಜನಕ್ಕೂ ನರದ ಕಾಯಿಲೆ ಬರುತ್ತೆ.”

ಅವರ ಮೇಲೆ ಬಂದ ಸಿಟ್ಟಿನಲ್ಲಿ ನನಗೊಂದು ಉಪಕಾರವಾಯಿತು. ಇಲಿಯ ಕಾಗದ ಸಾಲದು, ರತ್ನಮ್ಮನ ಕಾಗದವೇ ಬೇಕು ಎಂದು ಹೊಳೆಯಿತು. ಊರೊಳಗಿನ ಸರ್ಕಾರಿ ಆಸ್ಪತ್ರೆಯಲ್ಲಿ ನನಗೆ ಗೊತ್ತಿದ್ದ ಮೂತ್ರಾಂಗದ ಸರ್ಜನ್ ಒಬ್ಬರಿದ್ದರು. ಅವಳಿಗೆ ಎಲ್ಲವನ್ನೂ ವಿವರಿಸಿದೆ. ನಳಿಕೆ ಹಾಕುತ್ತಾರೆ, ನೋವಾಗುತ್ತದೆ, ಬೇಡವೆಂದರೆ ಬೇಡ ಎಂದೆ. ಕೆಲಸ ಹೋದರೆ ಆಗುವ ನೋವಿಗಿಂತ ಹೆಚ್ಚಾ ಎಂದು ಕೇಳಿದಳು. ರಜೆಯ ದಿನ ನಾನೇ ಜೊತೆಗೆ ಹೋದೆ.

ಸಿಸ್ಟೋಮೆಟ್ರಿ ಎಂಬ ಆ ಪರೀಕ್ಷೆ ನೋಡಲು ಸರಳ. ನಳಿಕೆಯ ಮೂಲಕ ಮೂತ್ರಕೋಶಕ್ಕೆ ಉಪ್ಪುನೀರು ಬಿಡುತ್ತಾ ಹೋಗುವುದು, ಒಳಗಿನ ಒತ್ತಡ ಎಷ್ಟೆಂದು ಪಕ್ಕದ ಗಾಜಿನ ಕೊಳವೆಯಲ್ಲಿ ನೀರಿನ ಎತ್ತರ ನೋಡಿ ಬರೆದುಕೊಳ್ಳುವುದು. ಐವತ್ತು ಮಿಲಿಲೀಟರಿಗೇ ಹೋಗಬೇಕು ಎಂದಳು. ಆಗ ಕೊಳವೆಯಲ್ಲಿ ನೀರು ಎಂಟು ಸೆಂಟಿಮೀಟರ್ ಇತ್ತು. ನೂರಾಹತ್ತಕ್ಕೆ ಮೇಜಿನ ಅಂಚು ಹಿಡಿದು ಹಲ್ಲು ಕಚ್ಚಿದಳು. ನೀರು ಒಮ್ಮೆಲೆ ಐವತ್ತೆಂಟಕ್ಕೆ ನೆಗೆಯಿತು. ಅವಳು ತಡೆಯಲು ನೋಡುತ್ತಿದ್ದಳು, ಹೊಟ್ಟೆ ಬಿಗಿಯದೆ ಸುಮ್ಮನೆ ಮಲಗಿದ್ದಳು, ಆದರೂ ಕೋಶ ತನ್ನಷ್ಟಕ್ಕೆ ಹಿಂಡುತ್ತಿತ್ತು. ಮೂರು ಸಲ ತುಂಬಿಸಿದರು, ಮೂರು ಸಲವೂ ನೂರಾಹತ್ತರ ಆಸುಪಾಸಿನಲ್ಲೇ. ಆಮೇಲೆ ದುರ್ಬೀನು ಹಾಕಿ ಒಳಗೆ ನೋಡಿದ ಸರ್ಜನ್ ನನ್ನನ್ನೂ ನೋಡಲು ಕರೆದರು. ಒಳಗೋಡೆ ಕೆಂಪಗೆ ಊದಿಕೊಂಡಿತ್ತು, ಅಲ್ಲಲ್ಲಿ ಸೂಜಿಮೊನೆಯಷ್ಟು ರಕ್ತ. ಮೂರು ಸಲ ನಾನು ಸಹಜ ಎಂದು ಬರೆದ ಜಾಗ ಅದು.

ಪೆಪ್ಟೈಡನ್ನು ನಾವು ಯಾರೂ ಅವಳಲ್ಲಿ ಅಳೆಯಲಿಲ್ಲ, ಅಳೆಯುವ ಸಾಧನ ನಮ್ಮ ಬಳಿ ಇರಲಿಲ್ಲ. ಅವಳ ನರಗಳಲ್ಲಿ ಅಣ್ಣನ ಇಲಿಗೆ ಆದದ್ದೇ ಆಗಿತ್ತು ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಕೋಶ ಕೆರಳಿದೆ, ರಿಫ್ಲೆಕ್ಸ್ ಹದ ತಪ್ಪಿದೆ ಎಂಬುದಕ್ಕೆ ಆಣೆ ಬೇಕಿರಲಿಲ್ಲ. ನೀರು ಕುಡಿಯದೆ ಮೂತ್ರ ಗಾಢವಾಗಿ, ಗಂಟೆಗಟ್ಟಲೆ ತಡೆದು, ಹುಣ್ಣಿನ ಮೇಲೆ ದಿನವೂ ಬರೆ ಎಳೆದುಕೊಂಡಂತೆ ಆಗಿತ್ತು ಅವಳ ಪಾಡು. ಆ ಬರೆ ಎಳೆದವರು ನಾವು.

ವಿಚಾರಣೆ ಜೂನ್ ಮೊದಲ ವಾರ, ಕ್ಯಾಂಟೀನ್ ಮೇಲಿನ ಕೋಣೆಯಲ್ಲಿ ನಡೆಯಿತು. ವಿಚಾರಣಾಧಿಕಾರಿಯಾಗಿ ಹೊರಗಿನಿಂದ ಒಬ್ಬ ವಯಸ್ಸಾದ ವಕೀಲರನ್ನು ಕರೆಸಿದ್ದರು. ಒಂದು ಕಡೆ ನರಹರಿ, ವರದರಾಜ. ಇನ್ನೊಂದು ಕಡೆ ರತ್ನಮ್ಮ ಒಬ್ಬಳೇ. ಅವಳ ಪರ ಮಾತಾಡಲು ಸಾಲಿನಿಂದ ಒಬ್ಬರನ್ನು ಕರೆತರಬಹುದಿತ್ತು. ಬೇಡವೆಂದಿದ್ದಳು. ಬಂದವಳ ಕೆಲಸವೂ ಹೋದರೆ ಆ ಪಾಪ ತನಗೆ ಬೇಡ ಎಂದು. ನರಹರಿ ನನ್ನನ್ನು ಆಡಳಿತದ ಸಾಕ್ಷಿಯಾಗಿ ಕರೆದು ಕಾರ್ಡನ್ನು ಮುಂದಿಟ್ಟರು.

“ಇದು ನಿಮ್ಮ ಕೈಬರಹ ತಾನೇ ಮೇಡಂ?”

“ನನ್ನದೇ.”

“ಬರೆದಿರೋದು ನಿಜ ತಾನೇ?”

“ಮೂತ್ರದ ಬಗ್ಗೆ ನಿಜ. ಇವಳ ಬಗ್ಗೆ ಸುಳ್ಳು.”

ನರಹರಿ ಕಾರ್ಡನ್ನು ಹಿಂದಕ್ಕೆ ಎಳೆದುಕೊಂಡರು. ವಕೀಲರು ಕನ್ನಡಕ ತೆಗೆದು, ಬಿಡಿಸಿ ಹೇಳಿ ಎಂದರು. ಹೇಳಿದೆ. ಆಸ್ಪತ್ರೆಯ ವರದಿ ಕೊಟ್ಟೆ, ನೂರಾಹತ್ತು ಎಂದರೆ ಎಷ್ಟು ಎಂದು ತೋರಿಸಲು ಕ್ಯಾಂಟೀನಿನ ಲೋಟದಲ್ಲಿ ನೀರು ಅಳೆದು ಮೇಜಿನ ಮೇಲಿಟ್ಟೆ. ಲೋಟ ಮುಕ್ಕಾಲೂ ತುಂಬಲಿಲ್ಲ. ಇಷ್ಟಕ್ಕೇ ಇವಳ ಮೂತ್ರಕೋಶ ಹಿಂಡುತ್ತದೆ, ಇವಳ ಮಾತು ಕೇಳುವುದಿಲ್ಲ, ನಿಮ್ಮ ಬಿಲ್ಲೆಯ ಮಾತೂ ಕೇಳುವುದಿಲ್ಲ ಎಂದೆ. ಪಸ್ ಸೆಲ್ಲಿನ ನಿಯಮ ನಾನು ಬರೆದದ್ದು, ಅದು ತಪ್ಪು, ಇವತ್ತೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಇದನ್ನು ದಾಖಲೆಯಲ್ಲಿ ಬರೆಸಿ ಎಂದೂ ಹೇಳಿದೆ. ನೀರಿನ ಡ್ರಮ್ಮಿನ ವಿಷಯ ಎತ್ತಿದಾಗ ನರಹರಿ, ಅದು ಈ ಕೇಸಿಗೆ ಸಂಬಂಧವಿಲ್ಲ ಎಂದರು. ನನ್ನ ದನಿ ಏರಿತು. ಕೆಳಗೆ ಕ್ಯಾಂಟೀನಿನಲ್ಲಿ ತಟ್ಟೆ ಸದ್ದು ನಿಂತಿತೆಂದು ಆಮೇಲೆ ಯಾರೋ ಹೇಳಿದರು. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಕೊನೆಗೆ ವಕೀಲರು ರತ್ನಮ್ಮನಿಗೆ ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. ಅವಳು ವರದರಾಜನ ಕಡೆ ನೋಡಲಿಲ್ಲ.

“ನೆಲ ಒರ್ಸಿದ್ ಕೋಟು ತೊಳ್ದು ಮಡಿಕಂಡಿವ್ನಿ ಸಾಮಿ,” ಅಂದಳು. “ಅದನ್ನ ನಾನ್ ತಿರ್ಗಾ ಆಕ್ಕಳಾಕಿಲ್ಲ. ಬ್ಯಾರೆ ಕೊಡ್ಸಿ.”

ಕಾಯಿಲೆಯ ನೆಪ ಎಂಬ ಆರೋಪ ಬಿದ್ದುಹೋಯಿತು. ಬಿಲ್ಲೆಯಿಲ್ಲದೆ ಜಾಗ ಬಿಟ್ಟದ್ದಕ್ಕೆ ಎಚ್ಚರಿಕೆ ಪತ್ರ ಕೊಟ್ಟರು. ಕೆಲಸ ಉಳಿಯಿತು, ಹೊಸ ಕೋಟೂ ಬಂತು. ವರದರಾಜನಿಗೆ ಏನೂ ಆಗಲಿಲ್ಲ. ಎರಡು ವರ್ಷಕ್ಕೆ ಅವನಿಗೆ ಬಡ್ತಿ ಸಿಕ್ಕಿತು. ಬಿಲ್ಲೆಗಳೂ ಕಂಬದಲ್ಲೇ ಉಳಿದವು. ನಾನು ಕೇಳಿದವರಿಗೆಲ್ಲ ಚೀಟಿ ಬರೆಯತೊಡಗಿದ್ದನ್ನು ಕಂಡು, ಇನ್ನು ಮೇಲೆ ಡಾಕ್ಟರ ಚೀಟಿಗೆ ಪರ್ಸನಲ್ ಆಫೀಸರ ಸಹಿಯೂ ಬೇಕು ಎಂದು ಆದೇಶ ಹೊರಡಿಸಿದರು. ಒಬ್ಬ ಹೆಣ್ಣುಮಗಳು ಉಚ್ಚೆ ಹೊಯ್ಯಬೇಕಾದರೆ ಗಂಧದ ಬೊಟ್ಟಿನ ಗಂಡಸೊಬ್ಬ ಸಹಿ ಹಾಕಬೇಕು. ಸಭ್ಯವಾಗಿ ಬರೆಯಬೇಕೆಂದು ತುಂಬ ಪ್ರಯತ್ನಪಟ್ಟೆ. ಈ ವಾಕ್ಯವನ್ನು ಇದಕ್ಕಿಂತ ಸಭ್ಯವಾಗಿ ಬರೆಯಲು ನನಗೆ ಆಗಲಿಲ್ಲ.

ರತ್ನಮ್ಮನಿಗೆ ಮೂರು ತಿಂಗಳು ವಾರಕ್ಕೊಮ್ಮೆ ಮೂತ್ರಕೋಶಕ್ಕೇ ಔಷಧಿ ತುಂಬಿಸುವ ಚಿಕಿತ್ಸೆ ನಡೆಯಿತು. ನೀರು ಕುಡಿಯುವುದು, ಬೇಕಾದಾಗ ಹೋಗುವುದು, ಆಮೇಲೆ ಸ್ವಲ್ಪಸ್ವಲ್ಪವೇ ಅಂತರ ಹೆಚ್ಚಿಸುವುದು. ವರ್ಷ ಮುಗಿಯುವ ಹೊತ್ತಿಗೆ ಇನ್ನೂರೈವತ್ತಕ್ಕೆ ಬಂದಳು. ಪೂರ್ತಿ ಮೊದಲಿನಂತೆ ಆಗಲೇ ಇಲ್ಲ, ಪಾಳಿಗೆ ಆರು ಸಲವಾದರೂ ಬೇಕಾಗುತ್ತಿತ್ತು. ಮಾರ್ಚಿನಲ್ಲೇ ಅವಳ ಮಾತು ಕೇಳಿದ್ದರೆ ಎಂಬ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದ್ದೇನೋ. ಉತ್ತರ ಯಾವಾಗಲೂ ಒಂದೇ.

ವರದಿಗೆ ಕಿವಿಯಿಲ್ಲ, ನಾವು ಕೇಳಿದ ಪ್ರಶ್ನೆಗೆ ಮಾತ್ರ ಅದು ಉತ್ತರ ಕೊಡುತ್ತದೆ. ಕೀವಿದೆಯೇ ಎಂದು ಕೇಳಿದೆ, ಇಲ್ಲ ಎಂದಿತು. ನೋವಿದೆಯೇ ಎಂದು ಕೇಳಬೇಕಾದದ್ದು ಅವಳನ್ನು. ಇಷ್ಟು ಕಲಿಯಲು ನನಗೆ ಹನ್ನೊಂದು ವರ್ಷದ ವೈದ್ಯಕೀಯ ವೃತ್ತಿ ಬೇಕಾಯಿತು, ಒಬ್ಬ ಹೆಂಗಸು ಮಂಡಿಯೂರಿ ನೆಲ ಒರೆಸಬೇಕಾಯಿತು. ಆಮೇಲೆ ಕಿರಿಯ ವೈದ್ಯರಿಗೆ ಈ ಕೇಸು ಹೇಳಿದಾಗಲೆಲ್ಲ ಅವರು ಪೆಪ್ಟೈಡಿನ ಬಗ್ಗೆ ಕೇಳುತ್ತಾರೆ, ಈಗ ಅದಕ್ಕೆ ಎಷ್ಟೆಲ್ಲ ಹೊಸ ಹೆಸರುಗಳಿವೆ ಎಂದು ನನಗೇ ಪಾಠ ಮಾಡುತ್ತಾರೆ. ನೀರಿನ ಡ್ರಮ್ಮಿನ ಬಗ್ಗೆ ಒಬ್ಬರೂ ಕೇಳುವುದಿಲ್ಲ.

ಡ್ರಮ್ಮಿನ ಕಥೆ ಹೇಳಿಯೇ ಮುಗಿಸುತ್ತೇನೆ. ಚಿಕಿತ್ಸೆ ಮುಗಿದ ಮೇಲೆ ರತ್ನಮ್ಮ ಕೀಲಿಯನ್ನು ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ಸ್ವಲ್ಪ ದಿನಕ್ಕೆ ಅದು ನಾಲ್ಕನೆಯ ಸಾಲಿನ ಬೇರೊಬ್ಬಳ ಸೆರಗಿನಲ್ಲಿ ಕಂಡಿತು, ಆಮೇಲೆ ಏಳನೆಯ ಸಾಲಿನವಳ ಸೆರಗಿನಲ್ಲಿ. ತಲೆನೋವು ಎಂದು ಡಿಸ್ಪೆನ್ಸರಿಗೆ ಬರುವವರು ಹೆಚ್ಚಿದರು. ಬಂದವರು ನನ್ನ ಮೇಜಿನ ಮುಂದೆ ನಿಲ್ಲದೆ ನೇರ ಹಿಂದಕ್ಕೆ ಹೋಗುತ್ತಿದ್ದರು. ನಾನು ರಿಜಿಸ್ಟರಿನಲ್ಲಿ ತಲೆನೋವು ಎಂದೇ ಬರೆದುಕೊಳ್ಳುತ್ತಿದ್ದೆ. ಮರುವರ್ಷದ ಏಪ್ರಿಲ್‌ನಲ್ಲಿ ಹಾಲ್‌ನ ಡ್ರಮ್ಮನ್ನೂ ಮಧ್ಯಾಹ್ನ ಇನ್ನೊಂದು ಸಲ ತುಂಬಿಸಬೇಕಾಯಿತು.

ನಾನು ಆ ಕೆಲಸ ಬಿಡುವ ದಿನ ಸ್ಟೋರಿನವರು ಡಿಸ್ಪೆನ್ಸರಿಯ ಸಾಮಾನಿನ ಪಟ್ಟಿ ಹಿಡಿದು ಒಂದೊಂದನ್ನೇ ಟಿಕ್ ಮಾಡುತ್ತಾ ಬಂದರು. ಎಲ್ಲ ಸರಿಯಿತ್ತು, ಒಂದು ಕೀಲಿ ಮಾತ್ರ ಕಡಿಮೆ. ಎಲ್ಲಿ ಎಂದು ಕೇಳಿದರು. ಕಳೆದುಹೋಗಿದೆ ಎಂದು ಬರೆದು ಸಹಿ ಹಾಕಿಕೊಟ್ಟೆ. ಆ ಕಾರ್ಖಾನೆಯಲ್ಲಿ ನಾನು ಎಷ್ಟೋ ಸಲ ಸುಳ್ಳು ಬರೆದಿದ್ದೇನೆ. ಮೊದಲ ಮೂರು ಸಲ ನಿಜ ಎಂದುಕೊಂಡು ಬರೆದೆ, ಅದರಿಂದ ರತ್ನಮ್ಮನ ಕೆಲಸ ಹೋಗುವುದರಲ್ಲಿತ್ತು. ಆಮೇಲೆ ಬರೆದದ್ದೆಲ್ಲ ಗೊತ್ತಿದ್ದೇ ಬರೆದೆ. ಅವುಗಳಿಂದ ಯಾರಿಗೂ ನೋವಾಗಲಿಲ್ಲ.